ಸರಸ್ವತೀ ಭಂಡಾರದ ಕೀಲಿಕೈ

ಕೆಲವು ದಿನಗಳ ಹಿಂದೆ ರೋಣದಲ್ಲಿ ಸಾಹಿತ್ಯಾಭಿಮಾನಿಗಳ ಒಂದು ಚಿಕ್ಕ ಕೂಟ ಸೇರಿದ್ದಿತು. ಕಾಲೇಜು ವಿದ್ಯಾರ್ಥಿಗಳ ಓದಿನ ಮಾತು ಬಂದಾಗ, ಪದವಿ ತರಗತಿಯ ಮೊದಲನೆಯ ವರ್ಷದಲ್ಲಿಯೇ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಬಳಸುವ ಕ್ರಮವನ್ನು ಪಾಠವಾಗಿ ಕಲಿಸಿ ಪರೀಕ್ಷೆಗೂ ಇಡಬೇಕೆಂದು ನಾನು ಅರಿಕೆ ಮಾಡಿಕೊಂಡೆನು. ಕೂಟದಲ್ಲಿದ್ದ ಸದ್ಗೃಹಸ್ಥರೊಬ್ಬರು ನಕ್ಕು, “ಏನ್ರೀ ಮಾಸ್ತರ, ಉಣ್ಣಾಕ ಕುಂತವಗ ತುತ್ತ ಎತ್ತೂದ ಕಲಿಸಬೇಕೇನು?” ಎಂದರು. ಎಲ್ಲರೂ ನಕ್ಕರು; ನಾನೂ ನಕ್ಕೆನು. ಮನೆಗೆ ಬಂದ ಮೇಲೆ ಮಾತ್ರ ಆ ನಗೆ ನನಗೆ ಕಹಿಯಾಯಿತು. ಯಾಕಂದರೆ ಆ ಮಾತು ಅವರೊಬ್ಬರದಲ್ಲ. ನಮ್ಮ ಸುಶಿಕ್ಷಿತ ಮನೆತನಗಳ, ನಮ್ಮ ಅಧ್ಯಾಪಕ ವರ್ಗದ, ನಮ್ಮ ಶಿಕ್ಷಣಕ್ರಮವನ್ನು ರೂಪಿಸುವವರ ಸಾಮಾನ್ಯ ಅಭಿಪ್ರಾಯವೇ ಅದಾಗಿದೆ. ಈ ಅಭಿಪ್ರಾಯವು ತಪ್ಪಾದದ್ದು ಮಾತ್ರವಲ್ಲ, ಬಡವರ ಮಕ್ಕಳ ಪಾಲಿಗೆ ಕ್ರೂರವಾದದ್ದೆಂದು ತೋರಿಸಿಕೊಡುವದೇ ಈ ಲೇಖನದ ಉದ್ದೇಶ.

ಗ್ರಂಥಾಲಯವನ್ನು ಬಳಸುವದು ಒಂದು ವಿದ್ಯೆ. ಉಳಿದ ವಿದ್ಯೆಗಳಂತೆ ಅದು ಕಲಿಸದೆ ಬಾರದು. ಕಲಿಸದೆ ಬಿಟ್ಟರೆ ಅದು ಕೆಲವರ ಮನೆತನದ ಆಸ್ತಿಯಾಗಿ ಉಳಿಯುವದು. ಇದೇ ನನ್ನ ವಾದದ ಸಾರ.

ಮಾತಿಗೆ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಸೂಡಿಯ ಒಕ್ಕಲಿಗನ ಮಗನೊಬ್ಬ ಕಾಲೇಜಿನಲ್ಲಿ ಇತಿಹಾಸವನ್ನು ಓದುತ್ತಿದ್ದಾನೆಂದು ಭಾವಿಸಿರಿ. ಜೋಡು ಕಳಸದ ಗುಡಿಯ ನೆರಳಿನಲ್ಲಿ ಆಡಿ ಬೆಳೆದ ಹುಡುಗನಿಗೆ ತನ್ನೂರ ಶಾಸನಗಳಲ್ಲಿ ಏನು ಬರೆದಿದೆಯೆಂದು ತಿಳಿಯುವ ಹಂಬಲ ಹುಟ್ಟಿತು. ಅವನು ಬೆಳಗಿನ ಬಸ್ಸು ಹಿಡಿದು ಧಾರವಾಡಕ್ಕೆ ಹೋದನು. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ ಶಿ. ಶಿ. ಬಸವನಾಳರ ಹೆಸರನ್ನು ಹೊತ್ತ ದೊಡ್ಡ ಗ್ರಂಥಾಲಯವುಂಟು. 1939ರಲ್ಲಿ ಹುಟ್ಟಿ ಈಗ ವಿಶ್ವವಿದ್ಯಾಲಯದ ಅಂಗವಾಗಿರುವ ಕನ್ನಡ ಸಂಶೋಧನ ಸಂಸ್ಥೆಯುಂಟು. ಹುಡುಗನು ಸೂಚೀಪತ್ರದ ಗಣಕಯಂತ್ರದ ಮುಂದೆ ಕುಳಿತು ‘ಗದಗ ಜಿಲ್ಲೆಯ ಶಾಸನಗಳು’ ಎಂದು ಬೆರಳಚ್ಚು ಮಾಡಿದನು. ತನಗೆ ಬೇಕಾದದ್ದು ಕಾಣಲಿಲ್ಲ. ‘ಸೂಡಿ’ ಎಂದು ಮಾಡಿದನು. ಅದೂ ಕಾಣಲಿಲ್ಲ. ‘ನಮ್ಮೂರ ವಿಷಯ ಇಲ್ಲಿ ಏನೂ ಇಲ್ಲ’ವೆಂದು ತಿಳಿದು ಸಂಜೆಯ ಬಸ್ಸಿಗೆ ಮರಳಿದನು.

ವಾಸ್ತವವಾಗಿ ಏನೂ ಇಲ್ಲವೇ? ಲಯನೆಲ್ ಬಾರ್ನೆಟ್ ಎಂಬ ಆಂಗ್ಲ ವಿದ್ವಾಂಸರು ಸೂಡಿಯ ಶಾಸನಗಳನ್ನು ಓದಿ, ಅನುವಾದ ಸಹಿತವಾಗಿ, ‘ಎಪಿಗ್ರಾಫಿಯಾ ಇಂಡಿಕಾ’ದ 15ನೆಯ ಸಂಪುಟದಲ್ಲಿ ನೂರು ವರ್ಷಗಳ ಹಿಂದೆಯೇ ಅಚ್ಚು ಮಾಡಿಸಿದ್ದಾರೆ. ಆದರೆ ಅದನ್ನು ಕೈಗೆ ತಂದುಕೊಳ್ಳಬೇಕಾದರೆ ಆ ಹುಡುಗನಿಗೆ ಎಷ್ಟು ಸಂಗತಿಗಳು ಗೊತ್ತಿರಬೇಕು ನೋಡಿರಿ. ಗದಗ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಗ್ರಂಥಗಳಲ್ಲಿ ರೋಣ ನರಗುಂದಗಳನ್ನು ಧಾರವಾಡ ಜಿಲ್ಲೆಯ ಹೆಸರಿನಲ್ಲಿ ಹುಡುಕಬೇಕು. ಹಳೆಯ ಆಂಗ್ಲ ಗ್ರಂಥಗಳಲ್ಲಿ ಧಾರವಾಡವು ‘ಧಾರ್ವಾರ್’ ಆಗಿದೆ, ಬೆಳಗಾವಿಯು ‘ಬೆಲ್ಗಾಮ್’ ಆಗಿದೆ. ಇಂದಿನ ಅಕ್ಷರಗಳಲ್ಲಿ ಬರೆದು ಹುಡುಕಿದರೆ ಅವು ಬಾಗಿಲು ತೆರೆಯವು. 1884ರ ಮುಂಬಯಿ ಪ್ರಾಂತದ ಗ್ಯಾಝೆಟಿಯರಿನ 22ನೆಯ ಸಂಪುಟವು ಪೂರ್ತಿಯಾಗಿ ನಮ್ಮ ಸೀಮೆಯದೇ ಆದರೂ ಅದರ ಬೆನ್ನಿನ ಮೇಲೆ ರೋಣದ ಹೆಸರಿಲ್ಲ, ಧಾರವಾಡದ ಹೆಸರಿದೆ. ನಿಯತಕಾಲಿಕೆಯೊಳಗಿನ ಲೇಖನವು ಸಾಮಾನ್ಯವಾಗಿ ಗ್ರಂಥಾಲಯದ ಸೂಚಿಯಲ್ಲಿ ಬಿಡಿಯಾಗಿ ಕಾಣಿಸದು. ಪತ್ರಿಕೆಯ ಹೆಸರನ್ನೂ ಸಂಪುಟದ ಅಂಕಿಯನ್ನೂ ಹಿಡಿದು ಹೋಗಬೇಕು. ಅಂತಹ ಸಂಪುಟಗಳನ್ನು ಮನೆಗೆ ಕೊಡುವ ರೂಢಿಯಿಲ್ಲ. ಅಲ್ಲಿಯೇ ಕುಳಿತು ಓದಿ ಬೇಕಾದ ಪುಟಗಳ ನಕಲು ಮಾಡಿಸಿಕೊಳ್ಳಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಕುಳಿತ ಗ್ರಂಥಪಾಲರನ್ನು ಕೇಳುವದು ಭಿಕ್ಷೆಯಲ್ಲ, ತನ್ನ ಹಕ್ಕು ಎಂಬುದು ತಿಳಿದಿರಬೇಕು. ತುತ್ತು ಎತ್ತುವದಕ್ಕೆ ಇಷ್ಟು ವಿದ್ಯೆ ಬೇಕೇ, ಮಹಾಶಯರೇ?

ಇಷ್ಟನ್ನೂ ಆ ಹುಡುಗನಿಗೆ ಯಾರು ಹೇಳಿಕೊಟ್ಟರು? ಧಾರವಾಡದ ವಕೀಲರ ಮನೆಯಲ್ಲಿಯೋ ಪ್ರಾಧ್ಯಾಪಕರ ಮನೆಯಲ್ಲಿಯೋ ಹುಟ್ಟಿದ್ದರೆ ತಂದೆಯ ಬೆರಳು ಹಿಡಿದು ಕಲಿಯುತ್ತಿದ್ದನು. ಅವನ ತಂದೆ ಎರೆಹೊಲದಲ್ಲಿ ಕಡಲೆ ಬಿತ್ತುವವನು. ಗಜೇಂದ್ರಗಡದ ಅವನ ಗೆಳತಿಯ ತಂದೆ ಮಗ್ಗದ ಕುಣಿಯಲ್ಲಿ ಕುಳಿತವನು. ಅವರಿಗೆ ಬೆರಳು ಕೊಡಬೇಕಾದವರು ನಾವು, ಶಿಕ್ಷಕರು. ನಾವು ಕೊಡಲಿಲ್ಲ. ಕೊಡದೆ, ‘ಈಗಿನ ಹುಡುಗರಿಗೆ ಓದುವ ಆಸೆಯಿಲ್ಲ’ವೆಂದು ಜರೆಯುತ್ತ ಬಂದೆವು. ದಾರಿಯನ್ನು ತೋರಿಸದೆ, ನಡೆಯಲಿಲ್ಲವೆಂದು ಬೈಯುವದು ಎಲ್ಲಿಯ ನ್ಯಾಯ?

ಈ ಮಾತನ್ನು ನಾನು ಪರರ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುವವನಲ್ಲ. ಅಪರಾಧಿಗಳ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ. ಪಾಠಶಾಲೆಯಲ್ಲಿ ವ್ಯಾಕರಣ ಓದಿ ಮುಗಿಸಿದ ಹರೆಯದಲ್ಲಿ ಒಂದು ವ್ಯಾಖ್ಯಾನಗ್ರಂಥವನ್ನು ಅರಸಿ ಒಂದು ದೊಡ್ಡ ಗ್ರಂಥಾಲಯಕ್ಕೆ ಹೋಗಿದ್ದೆನು. ಒಳಗೆ ಸಾಲುಸಾಲಾಗಿ ಮರದ ಪೆಟ್ಟಿಗೆಗಳು, ಅವುಗಳಲ್ಲಿ ಸಾವಿರಾರು ಚೀಟಿಗಳು. ಅವುಗಳನ್ನು ಮುಟ್ಟಬಹುದೋ ಬಾರದೋ ತಿಳಿಯಲಿಲ್ಲ. ಪಾಣಿನಿಯ ಸೂತ್ರಗಳನ್ನು ಕಂಠದಲ್ಲಿಟ್ಟುಕೊಂಡಿದ್ದ ನಾನು, ಯಾರನ್ನು ಏನೆಂದು ಕೇಳಬೇಕೆಂದು ತಿಳಿಯದೆ, ಕಾಲು ಗಂಟೆ ನಿಂತು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆನು. ನನ್ನನ್ನು ಯಾರೂ ತಡೆದಿರಲಿಲ್ಲ. ಯಾರೂ ಬಾ ಎಂದಿರಲೂ ಇಲ್ಲ. ಮುಂದೆ ಮಾಸ್ತರನಾದಾಗ ಶಾಲೆಯ ಪುಸ್ತಕದ ಕಪಾಟಿನ ಕೀಲಿಕೈ ನನ್ನ ಕಿಸೆಗೆ ಬಂದಿತು. ಪುಸ್ತಕ ಕಳೆದರೆ ನನ್ನ ಪಗಾರದಿಂದ ಮುರಿದಾರೆಂಬ ಅಂಜಿಕೆಯಿಂದ ಆ ಕಪಾಟನ್ನು ನಾನು ವರ್ಷದಲ್ಲಿ ಎರಡು ಸಲ ತೆರೆಯುತ್ತಿದ್ದೆನು: ಸರಸ್ವತೀ ಪೂಜೆಗೆ ಒಮ್ಮೆ, ತಪಾಸಣೆಗೆ ಒಮ್ಮೆ. ಪುಸ್ತಕಗಳು ಕ್ಷೇಮವಾಗಿದ್ದವು. ನನ್ನ ವಿದ್ಯಾರ್ಥಿಗಳು ಪುಸ್ತಕವೆಂದರೆ ಬೀಗದೊಳಗಿನ ವಸ್ತುವೆಂದು ಕಲಿತರು. ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ, ವರ್ಷದಲ್ಲಿ ಓದಲು ಕೊಟ್ಟ ಸಾವಿರ ಪುಸ್ತಕಗಳಿಗೆ ಐದು ಕಳೆದರೂ ಅಪ್ರಾಮಾಣಿಕತೆ ಅಥವಾ ಅಲಕ್ಷ್ಯವಿಲ್ಲದಿದ್ದರೆ ಅದು ಸಹಜವಾದ ನಷ್ಟವೆಂದು ಸ್ಪಷ್ಟವಾಗಿ ಹೇಳಿದೆ. ಹಣದ ಲೆಕ್ಕ ಬರೆಯುವವರಿಗೆ ತಿಳಿದ ಈ ಸತ್ಯ ವಿದ್ಯೆಯ ಲೆಕ್ಕ ಬರೆಯಬೇಕಾದ ನಮಗೆ ತಿಳಿಯಲಿಲ್ಲವಲ್ಲ!

ಇನ್ನು ಎದುರುಪಕ್ಷದ ಎರಡನೆಯ ಆಕ್ಷೇಪ. ‘ನಮ್ಮ ಪೂರ್ವಿಕರು ವಿದ್ಯೆಯನ್ನು ಕಂಠದಲ್ಲಿ ಇಟ್ಟುಕೊಂಡಿದ್ದರು, ಸೂಚಿ, ಅಂಕಿ, ಚೀಟಿಗಳೆಲ್ಲ ಪಶ್ಚಿಮದವರ ಹವ್ಯಾಸ’ ಎಂದು ನನ್ನಂತೆಯೇ ಪಾಠಶಾಲೆಯಲ್ಲಿ ಓದಿದ ಮಿತ್ರರು ಹೇಳುವದುಂಟು. ಪುಸ್ತಕದೊಳಗಣ ವಿದ್ಯೆಯನ್ನು ನಂಬಬೇಡವೆಂದು ಎಚ್ಚರಿಸುವ ಸುಭಾಷಿತವನ್ನು ನಾನೂ ಬಾಯಿಪಾಠ ಮಾಡಿದವನೇ. ಆದರೆ ಈ ಮಿತ್ರರು ಸರ್ವಾನುಕ್ರಮಣಿಯನ್ನು ಮರೆತರೇ? ಕಾತ್ಯಾಯನನು ಋಗ್ವೇದದ ಒಂದೊಂದು ಸೂಕ್ತಕ್ಕೂ ಅದರ ಮೊದಲ ಪದ, ಋಕ್ಕುಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸು ಇವನ್ನು ಕ್ರಮವಾಗಿ ಹೇಳಿಟ್ಟನು. ಇದು ಸೂಚೀಪತ್ರವಲ್ಲದೆ ಮತ್ತೇನು? ಇಂದಿನ ಗ್ರಂಥಾಲಯದ ಸೂಚಿಯೂ ಶೀರ್ಷಿಕೆ, ಪುಟಸಂಖ್ಯೆ, ಕರ್ತೃ, ವಿಷಯ ಇವನ್ನೇ ಅಲ್ಲವೇ ಹೇಳುವದು? ಅಮರಸಿಂಹನು ಶಬ್ದಗಳನ್ನು ಅಕಾರಾದಿಯಾಗಿ ಅಲ್ಲ, ಸ್ವರ್ಗವರ್ಗ, ವನೌಷಧಿವರ್ಗ ಎಂದು ವಿಷಯಾನುಸಾರ ವಿಂಗಡಿಸಿದನು. ವರ್ಗೀಕರಣವು ನಮ್ಮ ಮನೆಯ ವಿದ್ಯೆ. ಕಂಠಪಾಠದ ಕಾಲದಲ್ಲಿಯೂ ಅನುಕ್ರಮಣಿ ಬೇಕಾಗಿದ್ದರೆ, ಲಕ್ಷಾವಧಿ ಗ್ರಂಥಗಳ ಈ ಕಾಲದಲ್ಲಿ ಅದನ್ನು ಓದಲು ಬಾರದವನು ಪಂಡಿತನಾಗುವದು ಹೇಗೆ?

ಕನ್ನಡನಾಡಿನದೇ ಇನ್ನೊಂದು ಸಾಕ್ಷಿಯನ್ನು ಕೊಡುವೆನು. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ 1058ರ ಶಾಸನವೊಂದಿದೆ. ಅಲ್ಲಿಯ ಘಟಿಕಾಸ್ಥಾನದಲ್ಲಿ ಸುಮಾರು ಇನ್ನೂರೈವತ್ತು ವಿದ್ಯಾರ್ಥಿಗಳು ವೇದಶಾಸ್ತ್ರಗಳನ್ನು ಓದುತ್ತಿದ್ದರು. ಅವರಿಗೆ ಪಾಠ ಹೇಳಲು ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರಿದ್ದರು. ಅವರಲ್ಲದೆ ಆರು ಮಂದಿ ಸರಸ್ವತೀ ಭಂಡಾರಿಗರು ಇದ್ದರೆಂದು ಶಾಸನ ಹೇಳುತ್ತದೆ. ಆರು ಉಪಾಧ್ಯಾಯರಿಗೆ ಆರು ಗ್ರಂಥಪಾಲರು! ಚಾಲುಕ್ಯರ ಕಾಲದ ಆ ದಾನಿಗೆ, ಪಾಠ ಹೇಳುವವನಿಗೂ ಗ್ರಂಥವನ್ನು ಕಾಪಾಡಿ ಒದಗಿಸುವವನಿಗೂ ಸರಿಸಮನಾದ ಸ್ಥಾನವಿರಬೇಕೆಂದು ತೋರಿದ್ದಿತು. ಸಾವಿರ ವರ್ಷಗಳ ತರುವಾಯ ನಾವು ಗ್ರಂಥಪಾಲರನ್ನು ಪುಸ್ತಕ ಕೊಡುವ ತೆಗೆದುಕೊಳ್ಳುವ ಗುಮಾಸ್ತರೆಂದು ಭಾವಿಸಿ, ಪಾಠದ ವೇಳಾಪತ್ರಿಕೆಯಲ್ಲಿ ಅವರಿಗೆ ಒಂದು ತಾಸನ್ನೂ ಕೊಡದೆ ಕೂಡ್ರಿಸಿದ್ದೇವೆ. ಪರಂಪರೆಯನ್ನು ಬಿಟ್ಟವರು ಯಾರು?

ಆಧುನಿಕ ಕಾಲದಲ್ಲಿಯೂ ಈ ವಿದ್ಯೆಗೆ ನಮ್ಮ ದೇಶದಲ್ಲಿಯೇ ಆಚಾರ್ಯರು ಹುಟ್ಟಿದರು. ಶಿಯಾಳಿ ರಾಮಾಮೃತ ರಂಗನಾಥನ್ ಅವರು ಗಣಿತದ ಅಧ್ಯಾಪಕರಾಗಿದ್ದವರು, 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳ ಗ್ರಂಥವನ್ನು, 1933ರಲ್ಲಿ ತಮ್ಮದೇ ಆದ ವರ್ಗೀಕರಣ ಪದ್ಧತಿಯನ್ನು ಪ್ರಕಟಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಈ ಶಾಸ್ತ್ರದ ಸಂಶೋಧನ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲಿಯೇ ದೇಹವಿಟ್ಟರು. ಪುಸ್ತಕವು ಬಳಕೆಗಾಗಿ ಇರುವದೆಂಬುದು ಅವರ ಮೊದಲನೆಯ ಸೂತ್ರದ ತಾತ್ಪರ್ಯ. ಓದುಗನ ವೇಳೆಯನ್ನು ಉಳಿಸಬೇಕೆಂಬುದು ನಾಲ್ಕನೆಯದರ ತಾತ್ಪರ್ಯ. ಹೊಸದಾಗಿ ಬಂದ ಓದುಗನಿಗೆ ಗ್ರಂಥಾಲಯದ ದೀಕ್ಷೆಯನ್ನು ಕೊಡುವದು ಗ್ರಂಥಪಾಲನ ಕರ್ತವ್ಯಗಳಲ್ಲೊಂದೆಂದು ಅವರು ಪ್ರತಿಪಾದಿಸಿದರು. ದೀಕ್ಷೆ! ನಾವು ಅದನ್ನು ಏನು ಮಾಡಿದೆವು? ಕೆಲವು ಕಡೆ ಪ್ರವೇಶದ ವಾರದಲ್ಲಿ ವಿದ್ಯಾರ್ಥಿಗಳನ್ನು ಸಾಲುಗಟ್ಟಿಸಿ ಗ್ರಂಥಾಲಯದ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿ ಕಳಿಸುವ ಪರಿಪಾಠವುಂಟು. ಪ್ರದಕ್ಷಿಣೆಯಿಂದ ಪುಣ್ಯ ಬಂದೀತು, ಮಂತ್ರ ಬಾರದು.

ಮೂರನೆಯ ಆಕ್ಷೇಪ ಇಂದಿನ ಕಾಲದ್ದು: ‘ಎಲ್ಲವೂ ಮೊಬೈಲಿನಲ್ಲಿಯೇ ಇರುವಾಗ ಗ್ರಂಥಾಲಯವೇತಕ್ಕೆ?’ ಇದನ್ನು ನಾನು ಹಗುರಾಗಿ ತಳ್ಳಿಹಾಕುವದಿಲ್ಲ. ನಮ್ಮ ಊರುಗಳಿಂದ ಧಾರವಾಡ ಹತ್ತಿರವಲ್ಲ. ಗಜೇಂದ್ರಗಡಕ್ಕಂತೂ ನೂರು ಕಿಲೋಮೀಟರಿಗೂ ಮೇಲ್ಪಟ್ಟ ದೂರ. ಅಂತಹ ಊರಿನ ಹುಡುಗಿಗೆ ಕೈಯಲ್ಲಿಯೇ ಗ್ರಂಥ ಬರುವದಾದರೆ ಅದಕ್ಕಿಂತ ಭಾಗ್ಯವಿಲ್ಲ. ಆದರೆ ಬರುವ ದಾರಿಯನ್ನು ಬಲ್ಲವರೆಷ್ಟು ಜನ? ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳನ್ನು ‘ಶೋಧಗಂಗಾ’ ಎಂಬ ಭಂಡಾರದಲ್ಲಿ ಯಾರು ಬೇಕಾದರೂ ಮನೆಯಲ್ಲಿಯೇ ಕುಳಿತು ಬಿಟ್ಟಿಯಾಗಿ ಓದಬಹುದು. ಕೇಂದ್ರ ಸಚಿವಸಂಪುಟವು 2024ರ ನವೆಂಬರ 25ರಂದು ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ ಸುಮಾರು 6,000 ಕೋಟಿ ರೂಪಾಯಿಗಳು. 30 ಪ್ರಕಾಶಕರ ಸುಮಾರು 13,000 ವಿದ್ವತ್ಪತ್ರಿಕೆಗಳು. ಕೇಂದ್ರ ಮತ್ತು ರಾಜ್ಯ ಸರಕಾರಗಳ ಆಡಳಿತದ ಉಚ್ಚ ಶಿಕ್ಷಣ ಸಂಸ್ಥೆಗಳೆಲ್ಲ ಅದರ ವ್ಯಾಪ್ತಿಯಲ್ಲಿ. ಇದು ನಮ್ಮ ನಿಮ್ಮೆಲ್ಲರ ತೆರಿಗೆಯ ಹಣ. ಕಾಲುವೆಗೆ ನೀರು ಬಿಟ್ಟವರು ಹೊಲಗಾಲುವೆಯನ್ನು ತೆಗೆಯಿಸದಿದ್ದರೆ ನೀರು ಯಾರ ಹೊಲಕ್ಕೆ ಹೋದೀತು? ಮಲಪ್ರಭೆಯ ಕಾಲುವೆಯನ್ನು ಕಂಡ ನರಗುಂದದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೇಲಾಗಿ, ಮೊಬೈಲು ಉತ್ತರವನ್ನು ಕೊಡುತ್ತದೆ, ಆಧಾರವನ್ನು ಕೊಡುವದೆಂಬ ಭರವಸೆಯಿಲ್ಲ. ಆ ಉತ್ತರವನ್ನು ಬರೆದವರು ಯಾರು, ಯಾವ ವರ್ಷದಲ್ಲಿ, ಯಾವ ಮೂಲವನ್ನು ನೋಡಿ ಬರೆದರು ಎಂದು ಕೇಳುವ ಅಭ್ಯಾಸವನ್ನು ಹುಟ್ಟಿಸುವದೇ ಗ್ರಂಥಾಲಯದ ಶಿಕ್ಷಣ. ಆ ಅಭ್ಯಾಸವಿಲ್ಲದವನಿಗೆ ಹತ್ತು ಸಾವಿರ ಗ್ರಂಥಗಳೂ ಒಂದೇ, ಹತ್ತು ಸಾವಿರ ವದಂತಿಗಳೂ ಒಂದೇ. ವಿಶ್ವವಿದ್ಯಾಲಯ ಅನುದಾನ ಆಯೋಗದವರು ಸಂಶೋಧನ ನೀತಿಯ ಎರಡು ಕ್ರೆಡಿಟ್ಟಿನ ಪಾಠವನ್ನು, ಅದರಲ್ಲಿ ಗ್ರಂಥಸೂಚಿ ದತ್ತಸಂಚಯಗಳ ಪರಿಚಯವನ್ನು, ಕಡ್ಡಾಯ ಮಾಡಿದ್ದಾರೆ. ಆದರೆ ಯಾರಿಗೆ? ಪಿಎಚ್‌ಡಿ ಮಾಡುವವರಿಗೆ. ಹೊಳೆಯನ್ನು ದಾಟಿ ಆಚೆಯ ದಂಡೆಗೆ ಮುಟ್ಟಿದವರಿಗೆ ಈಜು ಕಲಿಸುವ ಏರ್ಪಾಡಿದು. ಈಚೆಯ ದಂಡೆಯಲ್ಲಿ ನಿಂತ ಸೂಡಿಯ ಹುಡುಗನ ಗತಿಯೇನು?

ಇದರಿಂದ ಹಾನಿ ಆ ಹುಡುಗನೊಬ್ಬನಿಗಷ್ಟೇ ಅಲ್ಲ, ನಮ್ಮ ನಾಡಿಗೇ ಆಗುವದು. 1787ರಲ್ಲಿ ಮರಾಠರಿಗೂ ಟೀಪೂ ಸುಲ್ತಾನನಿಗೂ ಗಜೇಂದ್ರಗಡದ ಒಪ್ಪಂದವಾಯಿತು. 1858ರಲ್ಲಿ ನರಗುಂದ ಬಂಡೆದ್ದಿತು. 1980ರ ಜುಲೈ 21ರಂದು ನರಗುಂದ ನವಲಗುಂದಗಳ ರೈತರ ಮೇಲೆ ಗುಂಡು ಹಾರಿತು. ಇವುಗಳ ಕಾಗದಪತ್ರಗಳೂ ವೃತ್ತಪತ್ರಿಕೆಗಳ ಹಳೆಯ ಸಂಪುಟಗಳೂ ಗ್ರಂಥಾಲಯಗಳಲ್ಲಿಯೂ ದಫ್ತರಖಾನೆಗಳಲ್ಲಿಯೂ ಕಾದು ಕುಳಿತಿವೆ. ನಮ್ಮ ಮಕ್ಕಳಿಗೆ ಅವುಗಳನ್ನು ಹುಡುಕಿ ಓದಲು ಬಾರದಿದ್ದರೆ ನಮ್ಮ ಇತಿಹಾಸವನ್ನು ಹೊರಗಿನವರೇ ಬರೆಯುವರು. ನಾವು ಅದನ್ನು ಅವರ ಮಾತಿನಲ್ಲಿ ಕೇಳುವೆವು.

ನರಗುಂದದ ಹೆಸರು ಬಂದುದರಿಂದ ಇನ್ನೊಂದು ಮಾತು. ಬಾಬಾಸಾಹೇಬನೆಂದು ಪ್ರಸಿದ್ಧನಾದ ಭಾಸ್ಕರರಾವ ಭಾವೆಯು ವಿದ್ಯಾಭಿರುಚಿಯುಳ್ಳವನಾಗಿದ್ದನೆಂದೂ, ಅವನ ಅರಮನೆಯಲ್ಲಿ ಮೂರು ನಾಲ್ಕು ಸಾವಿರ ಗ್ರಂಥಗಳ ಭಂಡಾರವಿದ್ದಿತೆಂದೂ ಅವನನ್ನು ಸೋಲಿಸಿದ ಆಂಗ್ಲರೇ ಬರೆದಿಟ್ಟಿದ್ದಾರೆ. 1858ರ ಜೂನಿನಲ್ಲಿ ಅವನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಆ ಭಂಡಾರ ಇಂದು ನರಗುಂದದಲ್ಲಿಲ್ಲ. ಅದು ಅರಸನದಾಗಿತ್ತು, ಅರಸನೊಡನೆ ಹೋಯಿತು. ಇಂದಿನ ವಿಶ್ವವಿದ್ಯಾಲಯದ ಭಂಡಾರ ಯಾವ ಅರಸನದೂ ಅಲ್ಲ, ನಮ್ಮದು. ಆದರೂ ಅದರ ಬಾಗಿಲಲ್ಲಿ ನಮ್ಮ ಹುಡುಗರು ಅರಮನೆಯ ಹೆಬ್ಬಾಗಿಲ ಮುಂದೆ ನಿಂತ ಪ್ರಜೆಗಳಂತೆ ಅಳುಕುತ್ತಾರೆ. ಬೀಗ ಈಗ ಬಾಗಿಲಿಗಿಲ್ಲ, ನಮ್ಮ ಅಜ್ಞಾನದಲ್ಲಿದೆ. ಕೀಲಿಕೈ ಶಿಕ್ಷಕರ ಕಿಸೆಯಲ್ಲಿದೆ.

ಬರಿಯ ದೂರಿನಿಂದ ಫಲವಿಲ್ಲವಾದ್ದರಿಂದ ಮಾಡತಕ್ಕದ್ದನ್ನು ಹೇಳಿ ಮುಗಿಸುವೆನು. ಮೊದಲನೆಯದು: ಪದವಿಯ ಮೊದಲನೆಯ ಅರ್ಧವರ್ಷದಲ್ಲಿ ಹತ್ತು ತಾಸುಗಳ ಗ್ರಂಥಾಲಯ ಪಾಠವಿರಲಿ, ಅದನ್ನು ಗ್ರಂಥಪಾಲರೂ ವಿಷಯದ ಅಧ್ಯಾಪಕರೂ ಕೂಡಿ, ಕನ್ನಡದಲ್ಲಿಯೇ ಕಲಿಸಲಿ. ಡ್ಯೂಯಿಯ ದಶಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಭಾರತದ ಇತಿಹಾಸಕ್ಕೆ 954 ಎಂಬಂತಹ ಅಂಕಿಗಳ ಅರ್ಥ ತಿಳಿದರೆ ಸಾಕು, ಕಪಾಟುಗಳು ಮಾತನಾಡತೊಡಗುತ್ತವೆ. ಎರಡನೆಯದು: ಪರೀಕ್ಷೆ ಬಾಯಿಪಾಠದ್ದಾಗಬಾರದು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನೂರಿನ ವಿಷಯವಾಗಿ ಒಂದು ಪ್ರಶ್ನೆಯನ್ನು ಹಾಕಿಕೊಂಡು, ಅದಕ್ಕೆ ಮೂರು ಆಧಾರಗಳನ್ನು ಹುಡುಕಿ, ಎಲ್ಲಿ ಹೇಗೆ ದೊರೆತವೆಂದು ಬರೆದು ಒಪ್ಪಿಸಲಿ. ಮೂರನೆಯದು: ವರ್ಷಕ್ಕೊಂದು ಸಲ ಧಾರವಾಡಕ್ಕೆ ಕರೆದೊಯ್ಯಲಿ, ಆದರೆ ಪ್ರದಕ್ಷಿಣೆಗಲ್ಲ, ತಮ್ಮ ತಮ್ಮ ಪ್ರಶ್ನೆಗಳೊಡನೆ ದಿನವೆಲ್ಲ ಕುಳಿತು ಓದುವದಕ್ಕೆ. ಪ್ರಾಚಾರ್ಯರ ಪತ್ರದೊಡನೆ ಮೊದಲೇ ಅನುಮತಿ ಕೇಳಿಕೊಳ್ಳಲಿಕ್ಕೆ ಅಡ್ಡಿಯೇನು? ನಾಲ್ಕನೆಯದು: ಶಿಕ್ಷಕರು ಮೊದಲು ತಾವು ಕಲಿಯಲಿ. ಅರವತ್ತು ದಾಟಿದ ನಾನು ಕಳೆದ ವರ್ಷ ನನ್ನ ಮೊಮ್ಮಗಳನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು ಗಣಕಯಂತ್ರದ ಸೂಚೀಪತ್ರವನ್ನು ನೋಡಲು ಕಲಿತೆನು. ಹರೆಯದಲ್ಲಿ ಬರಿಗೈಯಿಂದ ಬಿಟ್ಟು ಬಂದ ಆ ವ್ಯಾಖ್ಯಾನಗ್ರಂಥದ ಹೆಸರು ಪರದೆಯ ಮೇಲೆ ಮೂಡಿದಾಗ ನನಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ನಲವತ್ತು ವರ್ಷ ಅದು ಅಲ್ಲಿಯೇ ಇದ್ದಿತು.

ಗ್ರಂಥಪಾಲರಿಗೆ ಕೆಲಸ ಹೆಚ್ಚಾಗುವದೆಂಬುದು ನಿಜ. ಅದಕ್ಕೆ ತಕ್ಕ ಜನರನ್ನು ನೇಮಿಸಲಿ. ನಾಗಾವಿಯಲ್ಲಿ ಆರು ಜನರಿದ್ದರು. ಇನ್ನು ಈ ಪತ್ರಿಕೆಯನ್ನು ಓದುವ ಮನೆತನಗಳಿಗೆ ನನ್ನ ವಿನಂತಿ ಇಷ್ಟೇ. ರಜೆಗೆ ಮನೆಗೆ ಬಂದ ಮಗನನ್ನೂ ಮಗಳನ್ನೂ ‘ಎಷ್ಟು ಮಾರ್ಕು ಬಿದ್ದವು?’ ಎಂದು ಕೇಳುವದರ ಜೊತೆಗೆ, ‘ಯಾವ ಪುಸ್ತಕವನ್ನು ಹುಡುಕಿದೆ? ಹೇಗೆ ಸಿಕ್ಕಿತು?’ ಎಂದು ಒಮ್ಮೆ ಕೇಳಿರಿ. ನಿಮ್ಮ ಮನೆಯಲ್ಲಿ ಈ ವಿದ್ಯೆ ಇದ್ದರೆ, ಅದು ಇಲ್ಲದ ನೆರೆಮನೆಯ ಹುಡುಗನಿಗೂ ಬೆರಳು ಕೊಡಿರಿ. ಕೂಟದಲ್ಲಿ ನಕ್ಕ ಆ ಸದ್ಗೃಹಸ್ಥರಿಗೂ ನನ್ನ ಉತ್ತರ ಇದೇ: ತುತ್ತು ಎತ್ತುವದನ್ನು ಯಾರೂ ಹುಟ್ಟುತ್ತಲೇ ಕಲಿತು ಬಂದಿಲ್ಲ, ನಮಗೆಲ್ಲ ನಮ್ಮ ತಾಯಂದಿರು ಕಲಿಸಿದ್ದಾರೆ. ಅಲಮತಿವಿಸ್ತರೇಣ.